ಮಳೆಯ ವಾದವೂ ಕುಮರಿಯ ನಿಷೇಧವೂ: ರಿಚರ್ಡ್ ಗ್ರೋವ್ ಅವರ ‘ಗ್ರೀನ್ ಇಂಪೀರಿಯಲಿಸಂ’ ಗ್ರಂಥದ ವಿಮರ್ಶೆ

ವಿಜ್ಞಾನವು ರಾಜ್ಯನೀತಿಯನ್ನು ಹೇಗೆ ತಿದ್ದಿತೆಂಬುದನ್ನು ಬರೆಯುವ ಇತಿಹಾಸಕಾರರಲ್ಲಿ ಸಾಮಾನ್ಯವಾಗಿ ಎರಡು ಪಕ್ಷಗಳು ಕಂಡುಬರುತ್ತವೆ. ವಿಜ್ಞಾನಿಯು ಸತ್ಯವನ್ನು ಕಂಡುಹಿಡಿದು ಸರ್ಕಾರಕ್ಕೆ ತಿಳಿಸುವನು, ಸರ್ಕಾರವು ತಡವಾಗಿಯಾದರೂ ಅದಕ್ಕೆ ತಲೆಬಾಗುವುದು ಎಂಬುದು ಒಂದು ಪಕ್ಷ. ಸರ್ಕಾರವು ತನಗೆ ಬೇಕಾದುದನ್ನು ಮೊದಲೇ ನಿಶ್ಚಯಿಸಿಕೊಂಡು, ಅದಕ್ಕೆ ಒಪ್ಪುವ ವಿಜ್ಞಾನವನ್ನು ಸಂಬಳಕೊಟ್ಟು ಇರಿಸಿಕೊಳ್ಳುವುದು ಎಂಬುದು ಇನ್ನೊಂದು. 1995ರಲ್ಲಿ ಕೇಂಬ್ರಿಜ್ ವಿಶ್ವವಿದ್ಯಾಲಯದ ಮುದ್ರಣಾಲಯದಿಂದ ಹೊರಬಂದ ರಿಚರ್ಡ್ ಗ್ರೋವ್ ಅವರ ‘ಗ್ರೀನ್ ಇಂಪೀರಿಯಲಿಸಂ’ ಎಂಬ ಬೃಹದ್ಗ್ರಂಥವು ಮೊದಲನೆಯ ಪಕ್ಷಕ್ಕೆ ಈಚಿನ ಕಾಲದಲ್ಲಿ ದೊರೆತಿರುವ ಅತ್ಯಂತ ಬಲವಾದ ಸಮರ್ಥನೆ. ಗ್ರೋವ್ ಅವರು 2020ರಲ್ಲಿ ತೀರಿಕೊಂಡರು. ಅವರ ಗ್ರಂಥವಾದರೋ ಪರಿಸರದ ಇತಿಹಾಸವನ್ನು ಓದುವ ಪ್ರತಿಯೊಬ್ಬ ವಿದ್ಯಾರ್ಥಿಯ ಮೇಜಿನ ಮೇಲೆ ಇಂದಿಗೂ ಇರತಕ್ಕದ್ದು. ಈ ಗ್ರಂಥದಲ್ಲಿ ನಮ್ಮ ಕರಾವಳಿಯೂ ನಮ್ಮ ಘಟ್ಟವೂ ಬರುತ್ತವೆ. ಆದುದರಿಂದ ಇದನ್ನು ನಾವು ಇಲ್ಲಿ ನಿಂತು ಓದಬೇಕಾಗಿದೆ. ಹಾಗೆ ಓದಿದಾಗ ಕಾಣುವ ಒಂದು ಕೊರತೆಯನ್ನು ತೋರಿಸುವುದು ಪ್ರಕೃತ ಲೇಖನದ ಉದ್ದೇಶ.

ಮೊದಲು ಗುಣವನ್ನು ಹೇಳುವುದು ನ್ಯಾಯ. ವಸಾಹತು ಸರ್ಕಾರವು ಕಾಡನ್ನು ರಕ್ಷಿಸಹೊರಟದ್ದು ಹಡಗಿನ ಮರಕ್ಕಾಗಿ, ರೈಲು ಹಾದಿಯ ದಿಮ್ಮಿಗಾಗಿ ಎಂದು ಒಂದೇ ಮಾತಿನಲ್ಲಿ ಹೇಳಿ ಮುಗಿಸುವುದು ನಮ್ಮ ಪಠ್ಯಪುಸ್ತಕಗಳ ರೂಢಿ. ಈ ಸುಲಭವಾದ ಮಾತನ್ನು ಗ್ರೋವ್ ಅವರು ಒಡೆದುಹಾಕಿದ್ದಾರೆ. ಸೇಂಟ್ ಹೆಲೀನಾ, ಮಾರಿಷಸ್, ಕೆರಿಬಿಯನ್ ದ್ವೀಪಗಳ ದಫ್ತರಗಳನ್ನು ಅವರು ಸೋಸಿ ನೋಡಿರುವ ಶ್ರಮವು ಅಸಾಧಾರಣವಾದುದು. ಚಿಕ್ಕ ದ್ವೀಪದಲ್ಲಿ ಮರ ಕಡಿದುದರ ಫಲವು ಒಂದು ತಲೆಮಾರಿನೊಳಗೆ ಕಣ್ಣಿಗೆ ಕಾಣುವುದು: ಒರತೆ ಬತ್ತುವುದು, ಮಣ್ಣು ಕೊಚ್ಚಿಹೋಗುವುದು, ಬಂದರು ಹೂಳುವುದು. ಈ ಅನುಭವದಿಂದ ‘ಕಾಡು ಹೋದರೆ ಮಳೆ ಹೋಗುವುದು, ನಾಡು ಒಣಗುವುದು’ ಎಂಬ ವಾದವು ಹುಟ್ಟಿತು. ಇದನ್ನು ನಾವು ಶುಷ್ಕತಾವಾದವೆಂದು ಕರೆಯಬಹುದು. ಮಾರಿಷಸ್ಸಿನಲ್ಲಿ ಪಿಯರ್ ಪ್ವಾವ್ರ್ ಆಡಳಿತ ನಡೆಸುತ್ತಿದ್ದಾಗ 1769ರಲ್ಲಿ ಹೊರಟ ಕಟ್ಟಳೆ, ಸೇಂಟ್ ವಿನ್ಸೆಂಟ್ ದ್ವೀಪದಲ್ಲಿ 1791ರಲ್ಲಿ ಮಳೆಗಾಗಿಯೇ ಎಂದು ಹೇಳಿ ಒಂದು ಗುಡ್ಡದ ಕಾಡನ್ನು ಮೀಸಲಿಟ್ಟ ಶಾಸನ, ಇವುಗಳನ್ನು ಅವರು ಒಂದೇ ಸೂತ್ರದಲ್ಲಿ ಪೋಣಿಸುತ್ತಾರೆ. ಜರ್ಮನಿಯ ಹುಂಬೋಲ್ಟ್, ಫ್ರಾನ್ಸಿನ ಬೂಸ್ಸಂಗೋ ಇವರ ಬರಹಗಳ ಮೂಲಕ ಆ ವಾದವು ಗಟ್ಟಿಯಾಗಿ, ಕೊನೆಗೆ ಈಸ್ಟ್ ಇಂಡಿಯಾ ಕಂಪನಿಯ ವೈದ್ಯರ ಕೈ ಸೇರಿತು. ಆ ವೈದ್ಯರು ಕ್ಷಾಮದ ಭಯವನ್ನೂ ಪ್ರಜೆಗಳ ದಂಗೆಯ ಭಯವನ್ನೂ ಮುಂದಿಟ್ಟು, ಲಾಭವೊಂದನ್ನೇ ಬಲ್ಲ ಕಂಪನಿಯನ್ನು ಅರಣ್ಯಸಂರಕ್ಷಣೆಗೆ ಒಪ್ಪಿಸಿದರು. ಇದು ಗ್ರಂಥದ ಸಾರ.

ಈ ವೈದ್ಯರ ಸಾಲಿನಲ್ಲಿ ನಮಗೆ ಮುಖ್ಯನಾದವನು ಹ್ಯೂ ಕ್ಲೆಗ್‌ಹಾರ್ನ್. 1820ರಲ್ಲಿ ಮದರಾಸಿನಲ್ಲಿ ಹುಟ್ಟಿ, ಎಡಿನ್‌ಬರೋದಲ್ಲಿ ವೈದ್ಯವನ್ನು ಕಲಿತು, 1842ರಲ್ಲಿ ಕಂಪನಿಯ ನೌಕರಿಗೆ ಬಂದ ಈತನು ಕೆಲವು ವರ್ಷ ಶಿವಮೊಗ್ಗದಲ್ಲಿದ್ದನು. ಅಲ್ಲಿ ಸ್ಥಳೀಯ ಚಿತ್ರಕಾರನಿಂದ ಗಿಡಮೂಲಿಕೆಗಳ ಚಿತ್ರಗಳನ್ನು ಬರೆಯಿಸಿದನು. ನಗರ ಸೀಮೆಯ ಕಾಡುಗಳನ್ನು ತಿರುಗಿ ನೋಡಿದನು. ಕಾಡಿಗೆ ಬೆಂಕಿಯಿಟ್ಟು ಮಾಡುವ ಬೇಸಾಯವನ್ನು ಕಂಡು ಕಳವಳಗೊಂಡನು. ರಜೆಯ ಮೇಲೆ ಸ್ವದೇಶಕ್ಕೆ ಹೋಗಿದ್ದಾಗ, 1850ರಲ್ಲಿ ಎಡಿನ್‌ಬರೋದಲ್ಲಿ ಸೇರಿದ ಬ್ರಿಟಿಷ್ ಅಸೋಸಿಯೇಷನ್ ಎಂಬ ವಿಜ್ಞಾನ ಪರಿಷತ್ತು ಉಷ್ಣವಲಯದ ಕಾಡುಗಳ ನಾಶದ ಪರಿಣಾಮವನ್ನು ಪರಿಶೀಲಿಸಲು ಒಂದು ಸಮಿತಿಯನ್ನು ನೇಮಿಸಿತು. ಫೋರ್ಬ್ಸ್ ರಾಯ್ಲ್, ಬೇರ್ಡ್ ಸ್ಮಿತ್, ಸ್ಟ್ರಾಚಿ ಇವರೊಡನೆ ಕ್ಲೆಗ್‌ಹಾರ್ನನೂ ಅದರಲ್ಲಿದ್ದನು. 1851ರಲ್ಲಿ ವರದಿಯು ಇಪ್ಸ್‌ವಿಚ್ ಅಧಿವೇಶನದ ಮುಂದೆ ಬಂದಿತು. 1856ರಲ್ಲಿ ಮದರಾಸು ಸರ್ಕಾರವು ಅವನನ್ನೇ ಅರಣ್ಯಗಳ ಕನ್ಸರ್ವೇಟರನನ್ನಾಗಿ ನೇಮಿಸಿತು. 1860ರಲ್ಲಿ ಕೆನರಾ ಜಿಲ್ಲೆಯ ಸರ್ಕಾರಿ ಕಾಡುಗಳಲ್ಲಿ ಅಪ್ಪಣೆಯಿಲ್ಲದೆ ಕುಮರಿ ಮಾಡಕೂಡದೆಂದು ಆಜ್ಞೆಯಾಯಿತು. ಶಿವಮೊಗ್ಗದ ಕಾಡಿನಲ್ಲಿ ಒಬ್ಬ ಯುವಕ ವೈದ್ಯನು ಕಂಡದ್ದು ಹದಿನೈದು ವರ್ಷಗಳೊಳಗೆ ಕರಾವಳಿಯ ಕಟ್ಟಳೆಯಾಯಿತು. ವಿಜ್ಞಾನವು ರಾಜ್ಯನೀತಿಯಾಗುವುದಕ್ಕೆ ಇದಕ್ಕಿಂತ ಸ್ಪಷ್ಟವಾದ ನಿದರ್ಶನ ಬೇಡ ಎಂದು ಗ್ರೋವ್ ಅವರ ಓದುಗರಿಗೆ ತೋರಿದರೆ ಆಶ್ಚರ್ಯವಿಲ್ಲ.

ಇಲ್ಲಿ ಕುಮರಿಯೆಂದರೇನೆಂದು ಎರಡು ಮಾತು ಹೇಳಬೇಕು. ಹೆಮ್ಮಾಡಿಯಲ್ಲಿ ಹೆದ್ದಾರಿಯನ್ನು ಬಿಟ್ಟು ವಂಡ್ಸೆಯ ಮೇಲೆ ಕೊಲ್ಲೂರಿಗೆ ಹೋಗುವ ದಾರಿಯನ್ನು ಹಿಡಿದರೆ, ಮೊದಲು ಗದ್ದೆ ಬಯಲು, ಸಂಕ್ರಾಂತಿಯ ಹೊತ್ತಿಗೆ ಮಾರಣಕಟ್ಟೆಯ ಜಾತ್ರೆಗೆ ಹೋಗುವ ಸೇವಂತಿಗೆಯ ತೋಟ, ಅನಂತರ ಮುರಕಲ್ಲಿನ ಗುಡ್ಡ, ಹಾಡಿ, ಅದರಾಚೆ ಘಟ್ಟದ ದಟ್ಟ ಕಾಡು. ಆ ಗುಡ್ಡದ ಓರೆಗಳಲ್ಲಿ ಒಂದು ಕಾಲದಲ್ಲಿ ನಡೆಯುತ್ತಿದ್ದುದು ಕುಮರಿ ಬೇಸಾಯ. ಮಳೆ ಮುಗಿದ ಮೇಲೆ ಒಂದು ತುಂಡು ಕಾಡನ್ನು ಸವರಿ, ಬೇಸಗೆಯಲ್ಲಿ ಒಣಗಿಸಿ, ಮಳೆಗಾಲಕ್ಕೆ ಮುಂಚೆ ಸುಟ್ಟು, ಮೊದಲ ಮಳೆಗೆ ಆ ಬೂದಿಯಲ್ಲಿ ರಾಗಿ ಮೊದಲಾದುದನ್ನು ಬಿತ್ತುವರು. ಒಂದೆರಡು ಬೆಳೆ ತೆಗೆದು ಆ ನೆಲವನ್ನು ಹತ್ತಾರು ವರ್ಷ ಕಾಡಿಗೇ ಬಿಟ್ಟುಕೊಡುವರು. ನೇಗಿಲಿಲ್ಲ, ಎತ್ತಿಲ್ಲ, ಕತ್ತಿಯೊಂದೇ ಸಾಧನ. 1801ರಲ್ಲಿ ಮಂಗಳೂರಿನಿಂದ ಕುಂದಾಪುರ, ಬೈಂದೂರುಗಳ ಮೇಲೆ ಉತ್ತರಕ್ಕೆ ಹೋದ ಫ್ರಾನ್ಸಿಸ್ ಬುಕನನ್ ತನ್ನ ಪ್ರವಾಸಗ್ರಂಥದಲ್ಲಿ ಕುಮರಿಯನ್ನು ಕುರಿತು ಬರೆದಿದ್ದಾನೆ. ಅವನೂ ಎಡಿನ್‌ಬರೋದಲ್ಲಿ ಕಲಿತ ವೈದ್ಯನೇ ಎಂಬುದು ಗಮನಾರ್ಹ. ಕೆನರಾದಲ್ಲಿ ಕುಮರಿಯು ಎರಡು ಬಗೆಯಾಗಿದ್ದಿತು: ವರ್ಗದಾರನ, ಎಂದರೆ ಭೂಮಿಯ ಪಟ್ಟೆಯುಳ್ಳವನ, ಹಕ್ಕಿಗೆ ಸೇರಿದುದು ಒಂದು, ಪಟ್ಟೆಯಿಲ್ಲದ ಕಾಡಿನ ಜನ ಸರ್ಕಾರಕ್ಕೆ ನೇರವಾಗಿ ತೆರಿಗೆ ತೆತ್ತು ಮಾಡುತ್ತಿದ್ದ ಸರ್ಕಾರಿ ಕುಮರಿ ಇನ್ನೊಂದು. ಈ ಭೇದವು ಒಣ ಕಂದಾಯದ ವಿವರದಂತೆ ಕಂಡರೂ ಮುಂದಿನ ವಾದವೆಲ್ಲ ಇದರ ಮೇಲೆಯೇ ನಿಂತಿದೆ.

ಈಗ ಆಕ್ಷೇಪಕ್ಕೆ ಬರೋಣ. ಕ್ಲೆಗ್‌ಹಾರ್ನನಿಗಿಂತ ಅರ್ಧ ಶತಮಾನ ಮೊದಲೇ ಈ ಕರಾವಳಿಯಲ್ಲಿ ಕಂಪನಿಯು ಕಾಡಿಗೆ ಕೈಹಾಕಿದ್ದುಂಟು. 1806ರಲ್ಲಿ ವಾಟ್ಸನ್ ಎಂಬ ಕ್ಯಾಪ್ಟನನನ್ನು ಮಲಬಾರ್ ಕಡೆಯ ಅರಣ್ಯಗಳ ಕನ್ಸರ್ವೇಟರನನ್ನಾಗಿ ನೇಮಿಸಿ, ಮರುವರ್ಷ ತೇಗದ ಮರವೆಲ್ಲ ಸರ್ಕಾರದ್ದೆಂದು ಸಾರಲಾಯಿತು. ಅದರ ಉದ್ದೇಶದಲ್ಲಿ ಯಾವ ಮುಚ್ಚುಮರೆಯೂ ಇರಲಿಲ್ಲ: ನೌಕಾಪಡೆಗೆ ತೇಗ ಬೇಕಾಗಿದ್ದಿತು. ಭೂಮಾಲಿಕರೂ ಮರದ ವ್ಯಾಪಾರಿಗಳೂ ಗಲಭೆಯೆಬ್ಬಿಸಿದರು. ಇದು ನಮ್ಮ ಸ್ವತ್ತಿನ ಅಪಹರಣವೆಂದರು. ಕೊನೆಗೆ 1823ರಲ್ಲಿ, ಹಿಂದೆ ಕೆನರಾದ ಮೊದಲ ಕಲೆಕ್ಟರನಾಗಿದ್ದು ಆಗ ಮದರಾಸಿನ ಗವರ್ನರನಾಗಿದ್ದ ಥಾಮಸ್ ಮನ್ರೋ ಆ ಅಧಿಕಾರವನ್ನೇ ರದ್ದುಪಡಿಸಿದನು. ಸರ್ಕಾರದ ಮರದಾಸೆ 1823ರಲ್ಲಿ ಸತ್ತುಹೋಯಿತೇ? ಇಲ್ಲ. ಬೊಂಬಾಯಿಯ ಹಡಗುಕಟ್ಟೆಗೆ ಮರ ಬೇಕಾಗಿಯೇ ಇದ್ದಿತು. 1850ರ ದಶಕದಲ್ಲಿ ರೈಲು ಬಂದ ಮೇಲೆ ದಿಮ್ಮಿಗಳ ಬೇಡಿಕೆ ಮಿತಿಮೀರಿತು. ಕ್ಲೆಗ್‌ಹಾರ್ನನು 1861ರಲ್ಲಿ ಪ್ರಕಟಿಸಿದ ದಕ್ಷಿಣ ಭಾರತದ ಕಾಡುಗಳನ್ನೂ ತೋಟಗಳನ್ನೂ ಕುರಿತ ಗ್ರಂಥದಲ್ಲಿಯೇ ಈ ದಿಮ್ಮಿಗಳ ಲೆಕ್ಕಾಚಾರವಿದೆ. ಹಾಗಿದ್ದ ಮೇಲೆ ಒಂದೇ ಆಸೆಯ ಮೊದಲ ಪ್ರಯತ್ನವು ಹದಿನೇಳು ವರ್ಷಗಳಲ್ಲಿ ಕುಸಿದು, ಎರಡನೆಯದು ಶಾಶ್ವತವಾಗಿ ನೆಲೆಯೂರಿದ್ದು ಹೇಗೆ?

ಗ್ರೋವ್ ಅವರಲ್ಲಿ ಇದಕ್ಕೆ ಉತ್ತರವಿದೆ: ನಡುವೆ ವಿಜ್ಞಾನ ಬಂದಿತು. ಈ ಉತ್ತರವನ್ನು ನಾವು ಒಪ್ಪುತ್ತೇವೆ. ಆದರೆ ವಿಜ್ಞಾನವು ಬಂದು ಏನನ್ನು ಮಾಡಿತೆಂಬಲ್ಲಿ ಅವರಿಗೂ ನಮಗೂ ದಾರಿ ಬೇರೆಯಾಗುತ್ತದೆ. ಅದು ಸರ್ಕಾರಕ್ಕೆ ಹೊಸ ಆಸೆಯನ್ನು ಹುಟ್ಟಿಸಲಿಲ್ಲ; ಹಳೆಯ ಆಸೆಯನ್ನು ಅಳಿಸಲೂ ಇಲ್ಲ. ಅದು ಸರ್ಕಾರಕ್ಕೆ ಒಂದು ಭಾಷೆಯನ್ನು ಕೊಟ್ಟಿತು. ತೇಗ ನನ್ನದು ಎಂದು ಸರ್ಕಾರ ಹೇಳಿದಾಗ, ಅಲ್ಲ, ನನ್ನದು ಎಂದು ಪ್ರಜೆ ಹೇಳಬಹುದಾಗಿದ್ದಿತು. ಅದು ಸ್ವತ್ತಿನ ಜಗಳ. ಎರಡು ಪಕ್ಷಗಳೂ ಒಂದೇ ನೆಲದ ಮೇಲೆ ನಿಂತು ಆಡುವ ಜಗಳ. ನೀನು ಗುಡ್ಡ ಸುಟ್ಟರೆ ಇಡೀ ನಾಡಿಗೆ ಮಳೆ ತಪ್ಪುವುದು ಎಂದು ಸರ್ಕಾರ ಹೇಳಿದಾಗ, ಕತ್ತಿ ಹಿಡಿದ ಕುಮರಿಯವನು ಏನು ಹೇಳಬೇಕು? ಮಳೆಯ ಮಾಪನ ಅವನ ಬಳಿ ಇಲ್ಲ. ಇಪ್ಸ್‌ವಿಚ್ಚಿನ ಸಭೆಗೆ ಅವನಿಗೆ ಕರೆಯಿಲ್ಲ. ಲೋಕಹಿತದ ಹೆಸರಿನಲ್ಲಿ ಬಂದ ಕಟ್ಟಳೆಗೆ ಎದುರಾಡಿದವನು ಲೋಕದ ವೈರಿಯಾಗುವನು. 1806ರ ಕ್ರಮಕ್ಕೆ ಇಲ್ಲದಿದ್ದ ಬಲವು 1860ರ ಆಜ್ಞೆಗೆ ಬಂದುದು ಹೀಗೆ.

ಈ ಮಾತು ಊಹೆಯೆಂದು ಯಾರಾದರೂ ಭಾವಿಸಬಹುದಾದುದರಿಂದ, ನಿಷೇಧವು ಯಾರ ಮೇಲೆ ಬಿದ್ದಿತೆಂಬುದನ್ನು ನೋಡೋಣ. ಕಾಡು ಹೋದರೆ ನೀರು ಹೋಗುವುದೆಂಬುದೇ ಕಾರಣವಾಗಿದ್ದ ಪಕ್ಷದಲ್ಲಿ, ಕೊಡಲಿ ಯಾರ ಕೈಯಲ್ಲಿದ್ದರೂ ಫಲ ಒಂದೇ. ಆದರೆ ದಿಮ್ಮಿಗಾಗಿ ಮರ ಕಡಿಯುವುದು ನಿಲ್ಲಲಿಲ್ಲ, ಅದಕ್ಕೆ ಕ್ರಮವೊಂದು ಏರ್ಪಟ್ಟಿತು, ಅಷ್ಟೆ. ಘಟ್ಟದ ಮೇಲೆ ಕಾಫಿಗಾಗಿ ಕಾಡು ಬಯಲಾಗುವುದೂ ನಿಲ್ಲಲಿಲ್ಲ. ವರ್ಗದಾರರ ಕುಮರಿಯು ಕಾಸರಗೋಡು ಕಡೆಯಲ್ಲಿ, ಎಂದರೆ ಆಗಿನ ಬೇಕಲ ತಾಲ್ಲೂಕಿನಲ್ಲಿ, ರೂಢಿಯ ಹಕ್ಕೆಂಬ ಆಧಾರದ ಮೇಲೆ 1860ರ ಅನಂತರವೂ ಉಳಿದುಬಂದಿತು. ವರ್ಗ ಭೂಮಿಯ ಅಂಚಿನಿಂದ ನೂರು ಗಜದೊಳಗಿನ ಸರ್ಕಾರಿ ನೆಲದಲ್ಲಿ ಸೊಪ್ಪು, ಸೌದೆಗಳನ್ನು ತೆಗೆದುಕೊಳ್ಳುವ ಕುಮ್ಕಿ ಎಂಬ ಸೌಲಭ್ಯವೂ ಉಳಿಯಿತು. (ಕುಮ್ಕಿಗೂ ಕುಮರಿಗೂ ಹೆಸರಿನಲ್ಲಿ ಹೋಲಿಕೆಯಿದೆಯೆಂದು ಎರಡನ್ನೂ ಒಂದೇ ಎಂದು ಬರೆಯುವವರಿದ್ದಾರೆ, ಪಾರಸಿ ಮೂಲದ ಕುಮ್ಕಿ ಎಂಬ ಶಬ್ದಕ್ಕೆ ನೆರವು ಎಂದು ಅರ್ಥ.) ಉತ್ತರ ಕನ್ನಡದಲ್ಲಿ ಭೂಮಿಯುಳ್ಳವರು ಕಾಡಿನ ಒಡೆತನದ ಪ್ರಶ್ನೆಯನ್ನು ಬೊಂಬಾಯಿಯ ಹೈಕೋರ್ಟಿನವರೆಗೂ ಒಯ್ದರು, 1879ರ ಭಾಸ್ಕರಪ್ಪನ ಮೊಕದ್ದಮೆಯ ತೀರ್ಪು ಕೆನರಾದ ಭೂಹಿಡುವಳಿಯ ಇತಿಹಾಸಕ್ಕೆ ಇಂದಿಗೂ ಒಂದು ಆಕರ. ಹೀಗೆ ಕಾಗದವಿದ್ದವನಿಗೆ ಒಂದಲ್ಲ ಒಂದು ಬಾಗಿಲು ತೆರೆದಿದ್ದಿತು. ಪೂರ್ತಿಯಾಗಿ ಮುಚ್ಚಿಹೋದದ್ದು ಕಾಗದವಿಲ್ಲದವನ ಕುಮರಿ ಮಾತ್ರ.

ಆ ಕಾಗದವಿಲ್ಲದವರು ಯಾರು? ನಮ್ಮ ಸೀಮೆಯಲ್ಲಿ ಮುಖ್ಯವಾಗಿ ಕುಡುಬಿಯರು. ದಕ್ಷಿಣಕ್ಕೆ ಮಲೆಕುಡಿಯರು, ಮರಾಟಿಗರು. 1909ರಲ್ಲಿ ದಕ್ಷಿಣ ಭಾರತದ ಜಾತಿಗಳ ಕೋಶವನ್ನು ಪ್ರಕಟಿಸಿದ ಥರ್ಸ್ಟನ್, ಕುಡುಬಿಯರು ಮುಖ್ಯವಾಗಿ ಕುಂದಾಪುರ ತಾಲ್ಲೂಕಿನಲ್ಲಿ ನೆಲಸಿರುವರೆಂದು ಹೇಳಿ, ಕಾಚು ತಯಾರಿಕೆಯಲ್ಲಿ ಅವರಿಗಿದ್ದ ಕೈಚಳಕವನ್ನು ಗುರುತಿಸಿದ್ದಾನೆ. ಕಗ್ಗಲಿ ಮರದ ತಿರುಳನ್ನು ಬೇಯಿಸಿ ಕಾಚು ಇಳಿಸುವುದಕ್ಕೂ ಕಾಡೇ ಬೇಕು. ಬೆಳೆಯೂ ಕಸುಬೂ ಒಂದೇ ಕಾಡಿನ ಮೇಲೆ ನಿಂತಿದ್ದ ಜನರಿಗೆ ಆ ಕಾಡು ಮೀಸಲಾದುದು ಎಂತಹ ಮಾರ್ಪಾಡೆಂಬುದನ್ನು ಬೇರೆ ಹೇಳಬೇಕಾಗಿಲ್ಲ. ಗ್ರೋವ್ ಅವರಿಗೆ ಈ ಕಷ್ಟದ ಅರಿವಿಲ್ಲವೆಂದು ನಾವು ಹೇಳುವುದಿಲ್ಲ. ಅರಣ್ಯನೀತಿಯ ಭಾರವು ಅಲೆಮಾರಿ ಬೇಸಾಯಗಾರರ ಮೇಲೆ ಬಿದ್ದುದನ್ನು ಅವರು ಬಲ್ಲರು. ಆದರೆ ಅವರ ಕಥನದಲ್ಲಿ ಇದು ಒಂದು ದೊಡ್ಡ ಸಾಧನೆಯ ಜೊತೆಗೆ ಬಂದ ವಿಷಾದಕರವಾದ ಸಂಗತಿ. ಕೆನರಾದ ಸಾಕ್ಷ್ಯವು ಇದನ್ನು ನೀತಿಯ ಹೂರಣವೆಂದೇ ತೋರಿಸುತ್ತದೆ. ಗ್ರಂಥವು ತನ್ನ ಕಾಲಾವಧಿಯನ್ನು 1600ರಿಂದ 1860ರವರೆಗೆ ಎಂದು ಗೊತ್ತುಮಾಡಿಕೊಂಡಿದೆ. ಕೆನರಾದಲ್ಲಿ ಆಜ್ಞೆ ಹೊರಟ ವರ್ಷವೇ ಗ್ರಂಥ ಮುಗಿಯುವ ವರ್ಷ! ವಿಜ್ಞಾನಿಯ ಮಾತು ಸರ್ಕಾರದ ಕಿವಿಯನ್ನು ಮುಟ್ಟುವವರೆಗಿನ ಕಥೆಯನ್ನು ಹೇಳಿ, ಆ ಮಾತು ಗುಡ್ಡವನ್ನು ಮುಟ್ಟುವ ಹೊತ್ತಿಗೆ ಗ್ರಂಥಕಾರರು ಲೇಖನಿಯನ್ನು ಕೆಳಗಿಟ್ಟಿದ್ದಾರೆ.

ಇನ್ನೊಂದು ಸಂಗತಿ. ಸರ್ಕಾರವೆಂಬುದು ಒಂದೇ ಬಾಯಿಯುಳ್ಳ ಪ್ರಾಣಿಯಲ್ಲ. 1878ರ ಭಾರತೀಯ ಅರಣ್ಯ ಶಾಸನದ ಸಿದ್ಧತೆ ನಡೆಯುತ್ತಿದ್ದ ವರ್ಷಗಳಲ್ಲಿ ಮದರಾಸಿನ ರೆವಿನ್ಯೂ ಬೋರ್ಡು, ಈ ಪ್ರಾಂತದ ಕಾಡುಗಳಲ್ಲಿ ಗ್ರಾಮಸ್ಥರ ಹಕ್ಕಿಲ್ಲದ ಕಾಡು ಬಹುಮಟ್ಟಿಗೆ ಇಲ್ಲವೆಂದು ವಾದಿಸಿತು. ಆ ಶಾಸನವನ್ನು ಮದರಾಸು ತನ್ನಲ್ಲಿ ಜಾರಿಗೆ ತರಲಿಲ್ಲ. ಆದರೆ 1882ರಲ್ಲಿ ತನ್ನದೇ ಆದ ಶಾಸನವನ್ನು ಮಾಡಿಕೊಂಡಿತು. ಮೀಸಲು ಅರಣ್ಯಗಳು ನಮ್ಮ ಜಿಲ್ಲೆಯಲ್ಲಿಯೂ ಏರ್ಪಟ್ಟವು. ರೆವಿನ್ಯೂ ಬೋರ್ಡಿನ ಅಧಿಕಾರಿಗಳು ಪ್ರಜೆಗಳ ಬಂಧುಗಳಾಗಿದ್ದರೆಂದಲ್ಲ. ಗುಡ್ಡದ ಸೊಪ್ಪು ಗದ್ದೆಗೆ ಬೀಳದಿದ್ದರೆ ಕಂದಾಯ ಬಾರದೆಂಬುದನ್ನು ಅವರು ಬಲ್ಲವರಾಗಿದ್ದರು. ಅವರ ಮಾತು ಗ್ರಾಮದ ಅನುಭವದಿಂದ ಹುಟ್ಟಿದುದು, ಎದುರಾಳಿಗಳ ಮಾತು ವಿಜ್ಞಾನದ ಮುದ್ರೆಯುಳ್ಳದ್ದು. ಯಾವುದು ಗೆದ್ದಿತೆಂಬುದನ್ನು ಬಲ್ಲೆವು.

ಗ್ರೋವ್ ಅವರ ಗ್ರಂಥವು ಪ್ರಕಟವಾದ 1995ರಲ್ಲಿಯೇ, ಡೇವಿಡ್ ಆರ್ನಲ್ಡ್ ಮತ್ತು ರಾಮಚಂದ್ರ ಗುಹಾ ಸಂಪಾದಿಸಿದ ‘ನೇಚರ್, ಕಲ್ಚರ್, ಇಂಪೀರಿಯಲಿಸಂ’ ಎಂಬ ಸಂಕಲನದಲ್ಲಿ ಫ್ರೆಂಚ್ ವಿದ್ವಾಂಸ ಜಾಕ್ ಪೂಶ್‌ಪಾದಾಸ್ ಅವರ ಪ್ರಬಂಧವೊಂದು ಬಂದಿತು. 1800ರಿಂದ 1920ರವರೆಗೆ ದಕ್ಷಿಣ ಕನ್ನಡದ ಕುಮರಿಯ ವಿಷಯದಲ್ಲಿ ಬ್ರಿಟಿಷರ ಧೋರಣೆ ಹೇಗೆ ಬೆಳೆಯಿತೆಂಬುದೇ ಅದರ ವಸ್ತು. ಎರಡನ್ನೂ ಒಟ್ಟಿಗೆ ಇಟ್ಟುಕೊಂಡು ಓದಬೇಕೆಂದು ನಮ್ಮ ವಿದ್ಯಾರ್ಥಿಗಳಿಗೆ ಹೇಳುತ್ತೇವೆ: ಒಂದು ಭೂಮಂಡಲವನ್ನು ಸುತ್ತುತ್ತದೆ, ಇನ್ನೊಂದು ಒಂದು ಜಿಲ್ಲೆಯನ್ನು ಬಿಟ್ಟು ಕದಲುವುದಿಲ್ಲ. ಗ್ರೋವ್ ಅವರ ಕಣ್ಣಿಗೆ ಬೀಳದ ಎಷ್ಟೋ ವಿಷಯ ಈ ಚಿಕ್ಕ ಪ್ರಬಂಧದಲ್ಲಿ ಸಿಕ್ಕುತ್ತದೆ. 2016ರಲ್ಲಿ ಹೆನ್ರಿ ನೋಲ್ಟಿ ಅವರು ಬರೆದ ಕ್ಲೆಗ್‌ಹಾರ್ನನ ಜೀವನಚರಿತ್ರೆಯು ಸಸ್ಯಶಾಸ್ತ್ರದ ದೃಷ್ಟಿಯಿಂದ ಅಮೂಲ್ಯವಾದುದು, ಚಿತ್ರಗಳಂತೂ ಮನೋಹರ; ನಮ್ಮ ಪ್ರಶ್ನೆಗೆ ಅದರಲ್ಲಿ ಹೆಚ್ಚಿನ ಬೆಳಕಿಲ್ಲ.

ಇಷ್ಟನ್ನು ಹೇಳಿದ ಮೇಲೆ ನಮ್ಮ ಮೇಲೆಯೇ ಒಂದು ಆಕ್ಷೇಪ ಬರಬಹುದು. ವಿಜ್ಞಾನವನ್ನು ಸರ್ಕಾರದ ಭಾಷೆಯೆಂದು ಕರೆದರೆ ಅದರ ಸತ್ಯಾಸತ್ಯದ ಗತಿಯೇನು? ಕಾಡಿಗೂ ನೀರಿಗೂ ಸಂಬಂಧವೇ ಇಲ್ಲವೇ? ಇದು ಉಚಿತವಾದ ಪ್ರಶ್ನೆ. 1851ರ ವರದಿಯು ನೆಲದ ತೇವ, ಒರತೆಗಳ ವಿಷಯದಲ್ಲಿ ಆಡಿದಷ್ಟು ದೃಢವಾದ ಮಾತನ್ನು ಮಳೆಯ ಪ್ರಮಾಣದ ವಿಷಯದಲ್ಲಿ ಆಡಲಿಲ್ಲ. ಆ ಎಚ್ಚರಿಕೆಯು ಕಚೇರಿಗಳನ್ನು ದಾಟುತ್ತ ದಾಟುತ್ತ ಸವೆದುಹೋಯಿತು. 1887ರಲ್ಲಿ ಹವಾಮಾನಶಾಸ್ತ್ರಜ್ಞ ಬ್ಲ್ಯಾನ್‌ಫರ್ಡ್ ಕಾಡು ಮಳೆಯನ್ನು ಹೆಚ್ಚಿಸುವುದೆಂಬ ಕಡೆಗೆ ವಾಲಿದನು. 1910ರಲ್ಲಿ ಗಿಲ್ಬರ್ಟ್ ವಾಕರ್ ಭಾರತದ ಮಳೆಯ ದಾಖಲೆಗಳನ್ನೆಲ್ಲ ಪರಿಶೀಲಿಸಿ, ಕಾಡಿನ ನಾಶದಿಂದ ಹವೆ ಬದಲಾಯಿತೆಂಬುದಕ್ಕೆ ಆಧಾರ ಕಾಣೆನೆಂದನು. ಈ ಎರಡೂ ಮಾತುಗಳಿಂದ ಮೀಸಲು ಅರಣ್ಯದ ಗಡಿಕಲ್ಲು ಒಂದಾದರೂ ಅಲುಗಾಡಲಿಲ್ಲ. ನೀತಿಯು ತನಗೆ ಜನ್ಮವಿತ್ತ ವಿಜ್ಞಾನವು ಸಂದೇಹಕ್ಕೊಳಗಾದ ಮೇಲೆಯೂ ತನ್ನ ಕಾಲಮೇಲೆ ನಿಲ್ಲಬಲ್ಲದೆಂಬುದಕ್ಕೆ ಬೇರೆ ಸಾಕ್ಷಿ ಬೇಕೇ?

ಈಚಿನ ಸಂಶೋಧನೆಯು ಚಿತ್ರವನ್ನು ಇನ್ನಷ್ಟು ಸೂಕ್ಷ್ಮಗೊಳಿಸಿದೆ. ನಮ್ಮ ಕರಾವಳಿಯ ಮಳೆ ಸಮುದ್ರದಿಂದ ಬಂದು ಘಟ್ಟದ ಗೋಡೆಗೆ ತಗುಲಿ ಸುರಿಯುವ ಮಳೆ. ಗುಡ್ಡದ ಓರೆಯ ಒಂದು ತುಂಡು ಕುಮರಿಯಿಂದ ಅದು ಹಿಂದಿರುಗಿ ಹೋಗುವಂತಹುದಲ್ಲ. ಆದರೆ ಬಿದ್ದ ಮಳೆ ನೆಲಕ್ಕೆ ಇಳಿಯುವುದೋ ಕೊಚ್ಚಿಕೊಂಡು ಹರಿಯುವುದೋ ಎಂಬುದು ಬೇರೆ ಪ್ರಶ್ನೆ. ಉತ್ತರ ಕನ್ನಡದ ಮಣ್ಣಿನಲ್ಲಿ ಬೊನೆಲ್, ಪುರಂದರ, ವೆಂಕಟೇಶ್, ಜಗದೀಶ್ ಕೃಷ್ಣಸ್ವಾಮಿ ಮೊದಲಾದವರು ಅಳತೆಮಾಡಿ 2010ರಲ್ಲಿ ಪ್ರಕಟಿಸಿದ ಅಧ್ಯಯನವು, ಸಹಜವಾದ ಕಾಡಿನ ನೆಲ ನೀರನ್ನು ಹೀರುವಷ್ಟು ಸವೆದ ನೆಲವಾಗಲಿ ಅಕೇಶಿಯದ ನೆಡುತೋಪಾಗಲಿ ಹೀರದೆಂದು ತೋರಿಸಿದೆ. ಘಟ್ಟದ ಕಾಡುಗಳ ಉಸಿರಿನ ತೇವವು ಪೂರ್ವಕ್ಕೆ ಸಾಗಿ ತಮಿಳುನಾಡಿನ ಮಳೆಗೆ ಒದಗುತ್ತದೆಯೆಂದು ಬೊಂಬಾಯಿಯ ಐ.ಐ.ಟಿ.ಯ ಸುಬಿಮಲ್ ಘೋಷ್ ಮತ್ತು ಸಂಗಡಿಗರು 2018ರಲ್ಲಿ ಗಣಕದ ನೆರವಿನಿಂದ ಲೆಕ್ಕಹಾಕಿದ್ದಾರೆ. ಕ್ಲೆಗ್‌ಹಾರ್ನನ ಕಳವಳವು ಪೂರ್ತಿ ಹುಸಿಯಲ್ಲವೆಂದಾಯಿತು. ಒಂದು ವಾದವು ನಿಜವೂ ಆಗಿರಬಹುದು, ಅನ್ಯಾಯಕ್ಕೆ ಸಲಕರಣೆಯೂ ಆಗಬಹುದು. ಇವೆರಡರಲ್ಲಿ ಒಂದನ್ನು ಸ್ಥಾಪಿಸಿದರೆ ಇನ್ನೊಂದು ತಾನಾಗಿ ಬಿದ್ದುಹೋಗುವುದಿಲ್ಲ. ಅಂದಹಾಗೆ, ಬೇರೆ ಬೇರೆ ವಯಸ್ಸಿನ ಮರು ಬೆಳೆದ ಕಾಡುಗಳ ನಡುವೆ ತುಂಡುತುಂಡಾಗಿ ನಡೆಯುತ್ತಿದ್ದ ಕುಮರಿಯು ಯಾವ ಬಗೆಯ ನೆಲವನ್ನು ಉಳಿಸುತ್ತಿದ್ದಿತೆಂಬುದನ್ನು ಅಳೆಯುವ ಕಾಲ ಮೀರಿಹೋಗಿದೆ. ಅಳೆಯುವುದಕ್ಕೆ ನಮ್ಮಲ್ಲಿ ಕುಮರಿಯೇ ಉಳಿದಿಲ್ಲ.

ನಮ್ಮ ಕಾಲದಲ್ಲಿ ಇದೇ ನಾಟಕದ ಇನ್ನೊಂದು ಅಂಕ ನಡೆದಿದೆ. ಮಾಧವ ಗಾಡ್ಗೀಳ್ ಅವರ ಅಧ್ಯಕ್ಷತೆಯ ಪಶ್ಚಿಮಘಟ್ಟ ತಜ್ಞಸಮಿತಿಯು 2011ರಲ್ಲಿ ವರದಿಯಿತ್ತಿತು. ಕಸ್ತೂರಿರಂಗನ್ ಅವರ ಸಮಿತಿಯು 2013ರಲ್ಲಿ ಇನ್ನೊಂದನ್ನು ಇತ್ತು, ಉಪಗ್ರಹದ ಚಿತ್ರಗಳ ಆಧಾರದಿಂದ ಗ್ರಾಮಗ್ರಾಮವಾಗಿ ಸೂಕ್ಷ್ಮ ಪ್ರದೇಶಗಳನ್ನು ಗುರುತಿಸಿತು. ಕರ್ನಾಟಕದಲ್ಲಿ ಇದಕ್ಕೆ ಸೇರಿದುದು 1,576 ಗ್ರಾಮಗಳು, 20,668 ಚದರ ಕಿಲೋಮೀಟರು. 2014ರಿಂದ 2024ರವರೆಗೆ ಕೇಂದ್ರ ಸರ್ಕಾರವು ಕರಡು ಅಧಿಸೂಚನೆಯನ್ನು ಆರು ಬಾರಿ ಹೊರಡಿಸಿತು. 2024ರ ಸೆಪ್ಟೆಂಬರಿನಲ್ಲಿ ಕರ್ನಾಟಕದ ಮಂತ್ರಿಮಂಡಲವು ಕಸ್ತೂರಿರಂಗನ್ ವರದಿಯನ್ನು ತಿರಸ್ಕರಿಸಲು ತೀರ್ಮಾನಿಸಿತು. ನಮ್ಮ ಘಟ್ಟದ ತಪ್ಪಲಿನ ಗ್ರಾಮಗಳಲ್ಲಿ ಈ ವರದಿಗಳ ವಿರುದ್ಧ ಸಭೆಗಳು ನಡೆದಾಗ, ಇದು ಅಜ್ಞಾನಿಗಳ ಗಲಾಟೆಯೆಂದು ನಗರದ ವಿದ್ಯಾವಂತರು ಅನೇಕರು ಆಡಿಕೊಂಡರು. ಅಡಿಕೆ ತೋಟವೂ ರಬ್ಬರ್ ತೋಟವೂ ಆಕಾಶದಿಂದ ನೋಡುವ ಕಣ್ಣಿಗೆ ಕಾಡಾಗಿ ಕಂಡಿವೆಯೆಂಬ ದೂರಿನಲ್ಲಿ ಅತಿಶಯೋಕ್ತಿಯಿದ್ದಿರಬಹುದು. ಗಣಿಯವರ, ತೋಟದ ಸಾಹುಕಾರರ ಹಿತವು ಬಡವನ ಭಯದ ಹಿಂದೆ ಅಡಗಿದ್ದುದೂ ಇಲ್ಲದಿಲ್ಲ. ಆದರೂ ಲೋಕಹಿತದ ಹೆಸರಿನಲ್ಲಿ ಹೊರಗಿನಿಂದ ಬಂದ ನಕ್ಷೆಯನ್ನು ಕಂಡು ಬೆಚ್ಚುವ ಸ್ವಭಾವವು ಈ ಗುಡ್ಡಗಳಿಗೆ ಎಲ್ಲಿಂದ ಬಂದಿತೆಂದು ಕೇಳುವವನು 1860ನ್ನು ಮರೆಯುವಂತಿಲ್ಲ. ಗಾಡ್ಗೀಳ್ ವರದಿಯು ತನ್ನ ಶಿಫಾರಸುಗಳು ಗ್ರಾಮಸಭೆಗಳಲ್ಲಿ ಚರ್ಚೆಯಾಗಿ ಇತ್ಯರ್ಥವಾಗಬೇಕೆಂದು ಬಯಸಿದ್ದಿತು. ವಿಜ್ಞಾನಿಯು ಸರ್ಕಾರದ ಕಿವಿಯನ್ನು ಬಿಟ್ಟು ಗ್ರಾಮದ ಕಿವಿಯನ್ನು ಹುಡುಕಿದ ಅಪರೂಪದ ಸಂದರ್ಭವದು. ಆ ಭಾಗವೇ ಎಲ್ಲರಿಗಿಂತ ಮೊದಲು ಮರೆತುಹೋಯಿತು.

ಹೆಮ್ಮಾಡಿಯ ಬಳಿ ಹರಿಯುವ ಚಕ್ರಾನದಿಯ ಮಾತನ್ನೂ ಇಲ್ಲಿ ಹೇಳಬೇಕೆನಿಸುತ್ತದೆ. ಇದರ ಮೇಲ್ಕಣಿವೆಗೆ ಘಟ್ಟದ ಮೇಲೆ ಅಣೆಕಟ್ಟು ಹಾಕಿ, ನೀರನ್ನು ಸಾವೇಹಕ್ಲಿನ ಜಲಾಶಯದ ಮೂಲಕ ಲಿಂಗನಮಕ್ಕಿಗೆ ತಿರುಗಿಸಿದ್ದಾರೆ. ಪಶ್ಚಿಮಕ್ಕೆ ಇಳಿಯಬೇಕಾಗಿದ್ದ ನೀರಿನ ಒಂದು ಪಾಲು ಶರಾವತಿಯ ವಿದ್ಯುತ್ತಾಗಿದೆ. ಅದೂ ವಿಜ್ಞಾನವೇ, ಅದೂ ಲೋಕಹಿತವೇ. ನದಿಗಾಗಿ ಕುಮರಿಯನ್ನು ಬಿಡಿಸಿದ ನಾಡಿನಲ್ಲಿ ನದಿಯನ್ನೇ ತಿರುಗಿಸಲು ಇನ್ನೊಂದು ಶಾಸ್ತ್ರ ದೊರೆಯಿತು.

ಕಳೆದ ವರ್ಷ ತರಗತಿಯಲ್ಲಿ 1882ರ ಶಾಸನವನ್ನು ಪಾಠಮಾಡುತ್ತಿದ್ದಾಗ ಹಿಂದಿನ ಬೆಂಚಿನಿಂದ ವಿದ್ಯಾರ್ಥಿಯೊಬ್ಬನು, “ಸರ್, ಕುಮರಿ ಮಾಡ್ತಿದ್ದವರು ಆಗ ಏನು ಹೇಳಿದ್ರು?” ಎಂದು ಕೇಳಿದನು. ಗ್ರೋವ್ ಅವರ ಗ್ರಂಥವು ನನ್ನ ಕೈಯಲ್ಲಿಯೇ ಇದ್ದಿತು. ತೆರೆದು ತೋರಿಸಲು ಪುಟವಿರಲಿಲ್ಲ. ಶಿವರಾಮ ಕಾರಂತರು 1951ರಲ್ಲಿ ‘ಕುಡಿಯರ ಕೂಸು’ ಕಾದಂಬರಿಯನ್ನು ಬರೆದು ಘಟ್ಟದ ಕುಡಿಯರ ಬದುಕನ್ನು ಕನ್ನಡಕ್ಕೆ ತಂದರು. ಕಾದಂಬರಿಕಾರನು ಎಪ್ಪತ್ತು ವರ್ಷಗಳ ಹಿಂದೆ ನಡೆದುಹೋದ ದಾರಿಯಲ್ಲಿ ಇತಿಹಾಸಕಾರನು ಇನ್ನೂ ಹೆಜ್ಜೆಯಿಟ್ಟಿಲ್ಲ. ಕುಂದಾಪುರ, ಬೈಂದೂರು ಸೀಮೆಯ ಕುಡುಬಿಯರ ಕೇರಿಗಳಲ್ಲಿ ಹೋಳಿಯ ಕುಣಿತದ ಹಾಡು ಇನ್ನೂ ಕೇಳುತ್ತದೆ. ಹಕ್ಕಲುಗಳ ಹಳೆಯ ಹೆಸರುಗಳನ್ನು ಹೇಳಬಲ್ಲ ಮುದುಕರು ಇನ್ನೂ ಇದ್ದಾರೆ. ಆ ಹೆಸರುಗಳನ್ನು ಬರೆದುಕೊಂಡು, ಅರಣ್ಯ ಇಲಾಖೆಯ ಮೀಸಲು ಗಡಿಗಳ ನಕ್ಷೆಯ ಪಕ್ಕದಲ್ಲಿಟ್ಟು ನೋಡುವ ಕೆಲಸವನ್ನು ಈ ಬೇಸಗೆಯಲ್ಲಿ ವಿದ್ಯಾರ್ಥಿಗಳೊಡನೆ ವಂಡ್ಸೆಯ ಕಡೆಯಿಂದ ಆರಂಭಿಸಬೇಕೆಂದಿದ್ದೇನೆ.